ವನ್ಯಜೀವಿ ಸಂಸ್ಥೆಯಲ್ಲಿ ಸಂವಹನ ಇಂಟರ್ನ್‌ಶಿಪ್: ಅರ್ಜಿ ಹಾಕುವವರಿಗೊಂದು ವಿಮರ್ಶೆ

ಪತ್ರಿಕೋದ್ಯಮ, ಪರಿಸರ ವಿಜ್ಞಾನ ಅಥವಾ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವವರಿಗೆ ವನ್ಯಜೀವಿ ಸಂರಕ್ಷಣಾ ಸಂಸ್ಥೆಗಳ ಸಂವಹನ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡುವ ಅವಕಾಶಗಳು ಆಗಾಗ ಬರುತ್ತಿರುತ್ತವೆ. ಬೆಂಗಳೂರಿನಲ್ಲಿ ಕಚೇರಿಯನ್ನೂ ಬಂಡೀಪುರ ಮತ್ತು ನಾಗರಹೊಳೆಯ ಸುತ್ತಮುತ್ತ ಕ್ಷೇತ್ರಕಾರ್ಯವನ್ನೂ ನಡೆಸುವ ಅಂಥದೊಂದು ಸಂಸ್ಥೆಯಲ್ಲಿ ನಾನು ಎಂ.ಎ. ಓದುವಾಗ ಆರು ತಿಂಗಳು ಕೆಲಸ ಮಾಡಿದೆ. ಸಂಸ್ಥೆಯ ಹೆಸರನ್ನು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಇಲ್ಲಿ ಹೇಳಲಿರುವ ಗುಣದೋಷಗಳಲ್ಲಿ ಬಹುಪಾಲನ್ನು ಇದೇ ಕ್ಷೇತ್ರದ ಬೇರೆ ಬೇರೆ ಕಡೆ ದುಡಿದ ಗೆಳತಿಯರ ಬಾಯಲ್ಲೂ ಕೇಳಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬರವಣಿಗೆಯ ಶಿಸ್ತನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಕಾಡಂಚಿನಲ್ಲಿ ಆನೆ, ಹುಲಿ, ಚಿರತೆಗಳ ನಡುವೆ ಬದುಕುತ್ತಿರುವವರೊಂದಿಗೆ ಮಾತನಾಡುವುದೇ ಸಂವಹನದ ಮೊದಲ ಕೆಲಸ ಎಂಬುದನ್ನು ಈ ಇಂಟರ್ನ್‌ಶಿಪ್ ಇನ್ನೂ ಒಪ್ಪಿಕೊಂಡಿಲ್ಲ.

ಕೆಲಸದ ಸ್ವರೂಪವನ್ನು ಚುಟುಕಾಗಿ ಹೇಳುವುದಾದರೆ, ಸಂಶೋಧನಾ ಪ್ರಬಂಧಗಳ ಸಾರಾಂಶ ಬರೆಯುವುದು, ಪತ್ರಿಕಾ ಪ್ರಕಟಣೆಯ ಕರಡು ಸಿದ್ಧಪಡಿಸುವುದು, ಸಾಮಾಜಿಕ ಜಾಲತಾಣಗಳಿಗೆ ಚಿತ್ರ ಮತ್ತು ಬರಹ ಒದಗಿಸುವುದು, ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹಕ್ಕೆ ಶಾಲೆಗಳಲ್ಲಿ ಕಾರ್ಯಕ್ರಮ ಏರ್ಪಡಿಸಲು ನೆರವಾಗುವುದು, ವಾರ್ಷಿಕ ವರದಿಗೆ ಸಾಮಗ್ರಿ ಕೂಡಿಸುವುದು. ಇವುಗಳಲ್ಲಿ ಮೊದಲ ಎರಡರಿಂದಲೇ ನಾನು ಹೆಚ್ಚು ಕಲಿತೆ.

ಹುಲಿಗಳ ಸಂಖ್ಯೆಯ ಬಗ್ಗೆ ಬರೆಯಲು ಕೊಟ್ಟ ಮೊದಲ ಅಭ್ಯಾಸವೇ ಇದಕ್ಕೆ ಒಳ್ಳೆಯ ಉದಾಹರಣೆ. ಹುಲಿ ಯೋಜನೆಗೆ 50 ವರ್ಷ ತುಂಬಿದ ಸಂದರ್ಭದಲ್ಲಿ, 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ನಡೆದ ಸಮಾರಂಭದಲ್ಲಿ, ದೇಶದಲ್ಲಿ ಕನಿಷ್ಠ 3,167 ಹುಲಿಗಳಿವೆ ಎಂದು ಪ್ರಕಟಿಸಲಾಯಿತು. ಅದೇ ವರ್ಷದ ಜುಲೈ 29ರಂದು ಬಂದ ವಿವರಗಳಲ್ಲಿ ಸರಾಸರಿ 3,682, ಗರಿಷ್ಠ 3,925 ಎಂಬ ಅಂಕಿಗಳಿದ್ದವು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೂರೇ ತಿಂಗಳಲ್ಲಿ 500 ಹುಲಿಗಳು ಹೆಚ್ಚಾದವು ಎಂದು ಬರೆಯುವ ಅಪಾಯ ಎಷ್ಟು ಸುಲಭವಾಗಿ ಎದುರಾಗುತ್ತದೆ ಎಂಬುದನ್ನು ನಮ್ಮ ಮಾರ್ಗದರ್ಶಕಿ ಒಂದು ಬೆಳಿಗ್ಗೆಯಿಡೀ ಕೂತು ವಿವರಿಸಿದರು. ಹುಲಿಗಳ ಚಿತ್ರ ತೆಗೆಯಲು ಕಾಡಿನಲ್ಲಿ ಕ್ಯಾಮೆರಾ ಇಟ್ಟ ಪ್ರದೇಶಗಳಿಂದ ಬಂದ ಕನಿಷ್ಠ ಲೆಕ್ಕ ಒಂದು. ಕ್ಯಾಮೆರಾ ಇಡದಿದ್ದರೂ ಹುಲಿ ಇರುವ ಕುರುಹು ಸಿಕ್ಕ ಪ್ರದೇಶಗಳನ್ನೂ ಸೇರಿಸಿದ ಅಂದಾಜು ಇನ್ನೊಂದು. ಎರಡೂ 2022ರ ಒಂದೇ ಸಮೀಕ್ಷೆಯ ಫಲಗಳು. ಕರ್ನಾಟಕಕ್ಕೆ ಸಂಬಂಧಿಸಿದಂತೆಯೂ ಇದೇ ಎಚ್ಚರ ಬೇಕು. 2018ರಲ್ಲಿ 524 ಇದ್ದ ಅಂದಾಜು 2022ರಲ್ಲಿ 563ಕ್ಕೆ ಏರಿತು, ಮಧ್ಯಪ್ರದೇಶದ 785ರ ನಂತರದ ಸ್ಥಾನ ನಮ್ಮದಾಯಿತು. ಆದರೆ ಮೂರನೆಯ ಸ್ಥಾನದಲ್ಲಿರುವ ಉತ್ತರಾಖಂಡದ ಅಂಕಿ 560. ಅಂದಾಜಿನ ಏರುಪೇರಿನ ಮಿತಿಯನ್ನು ಗಮನಿಸಿದರೆ ಕೇವಲ ಮೂರು ಹುಲಿಗಳ ಈ ಅಂತರವನ್ನು ಗೆಲುವು ಸೋಲಿನಂತೆ ಬಿಂಬಿಸುವುದು ಓದುಗರಿಗೆ ಮಾಡುವ ಅನ್ಯಾಯ. ಪತ್ರಿಕೋದ್ಯಮ ವಿಭಾಗದ ಯಾವ ತರಗತಿಯಲ್ಲೂ ಅಂಕಿಅಂಶವನ್ನು ಇಷ್ಟು ಗೌರವದಿಂದ ನಡೆಸಿಕೊಳ್ಳಲು ನನಗೆ ಕಲಿಸಿರಲಿಲ್ಲ.

ಚಿತ್ರಗಳ ವಿಷಯದಲ್ಲೂ ಸಂಸ್ಥೆ ಬಹಳ ಕಟ್ಟುನಿಟ್ಟು. ಒಂದೊಂದು ಹುಲಿಯನ್ನೂ ಅದರ ಪಟ್ಟೆಗಳಿಂದಲೇ ಗುರುತಿಸುತ್ತಾರೆ; ಎಡಮೈ ಮತ್ತು ಬಲಮೈಯ ಪಟ್ಟೆಗಳು ಒಂದೇ ತೆರನಾಗಿರುವುದಿಲ್ಲವಾದ್ದರಿಂದ ಕಾಡಿನ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಹೀಗೆ ಬಂದ ಚಿತ್ರಗಳ ಕೆಳಗೆ ದಿನಾಂಕ, ಸಮಯ, ಉಷ್ಣಾಂಶ, ಕ್ಯಾಮೆರಾದ ಗುರುತು ಇರುವ ಒಂದು ಕಪ್ಪು ಪಟ್ಟಿ ಅಚ್ಚಾಗಿರುತ್ತದೆ. ಆ ಪಟ್ಟಿಯನ್ನು ಕತ್ತರಿಸದೆ, ಕಡತದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸದೆ ಯಾವ ಚಿತ್ರವೂ ಕಚೇರಿಯ ಹೊರಗೆ ಹೋಗುವಂತಿಲ್ಲ. ಹಿನ್ನೆಲೆಯಲ್ಲಿ ಗುರುತು ಸಿಗುವಂಥ ಬಂಡೆಯೋ ಕೆರೆಯ ಏರಿಯೋ ಇದ್ದರೂ ಕ್ಷೇತ್ರದ ತಂಡವನ್ನು ಕೇಳಬೇಕು. ಮರಿಗಳಿರುವ ಹುಲಿಯ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿದದ್ದೂ ಉಂಟು. ಬೇಟೆಗಾರರಿಗೆ ಮಾತ್ರವಲ್ಲ, ಕ್ಯಾಮೆರಾ ಹಿಡಿದು ಜೀಪಿನಲ್ಲಿ ಧಾವಿಸುವ ಉತ್ಸಾಹಿಗಳಿಗೂ ಸುಳಿವು ಸಿಗಬಾರದು ಎಂಬ ಈ ಕಾಳಜಿ ನನಗೆ ತುಂಬ ಹಿಡಿಸಿತು. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಬೇರೆಲ್ಲೋ ಸುಟ್ಟು ಸತ್ತ ಪ್ರಾಣಿಗಳ ಚಿತ್ರಗಳು ಇಲ್ಲಿಯವೆಂದು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದ್ದವು. ಚಿತ್ರದ ಮೂಲವನ್ನು ಹುಡುಕಿ ಖಚಿತಪಡಿಸಿಕೊಳ್ಳುವ ಕ್ರಮವನ್ನು ಆ ಪ್ರಕರಣವನ್ನೇ ಮುಂದಿಟ್ಟುಕೊಂಡು ಕಲಿಸಿದರು.

ಇಷ್ಟೆಲ್ಲ ಕಾಳಜಿಯಿಂದ ಬರೆದದ್ದನ್ನು ಓದುವವರು ಯಾರು ಎಂದು ಕೇಳಿಕೊಂಡಾಗ ಇಂಟರ್ನ್‌ಶಿಪ್‌ನ ದೊಡ್ಡ ಕೊರತೆ ಎದ್ದು ಕಾಣುತ್ತದೆ. ನಮ್ಮ ಕೈಯಿಂದ ಹೊರಬಿದ್ದದ್ದರಲ್ಲಿ ಹೆಚ್ಚಿನದು ಇಂಗ್ಲಿಷ್‌ನಲ್ಲಿತ್ತು ಮತ್ತು ನಗರದ ಓದುಗರಿಗೂ ದಾನಿಗಳಿಗೂ ಮೀಸಲಾಗಿತ್ತು. ಇದಕ್ಕೆ ಕಾರಣ ನನಗೆ ಅರ್ಥವಾಗದ್ದಲ್ಲ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕಾಗಿದೆ. ಆ ಹಣಕ್ಕೆ ಅರ್ಜಿ ಹಾಕುವ ಸಂಸ್ಥೆಗೆ ಅಂದವಾದ ವರದಿ ಬೇಕೇ ಬೇಕು. ಹಣವಿಲ್ಲದೆ ಕ್ಷೇತ್ರದ ಕೆಲಸವೂ ನಿಲ್ಲುತ್ತದೆ. ಆದರೆ ಹುಲಿ ಉಳಿಯುವುದೂ ಅಳಿಯುವುದೂ ಎಚ್.ಡಿ. ಕೋಟೆಯ, ಗುಂಡ್ಲುಪೇಟೆಯ ಹೊಲಗಳ ಬದುವಿನಲ್ಲಿ ನಿರ್ಧಾರವಾಗುತ್ತದೆಯೇ ಹೊರತು ವಾರ್ಷಿಕ ವರದಿಯ ನುಣುಪು ಕಾಗದದ ಮೇಲೆ ಅಲ್ಲ.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಭಿತ್ತಿಪತ್ರ ಕಾರಣ. ಬೆಳೆಹಾನಿ ಪರಿಹಾರದ ಬಗ್ಗೆ ಕಾಡಂಚಿನ ಊರುಗಳಿಗಾಗಿ ಅದನ್ನು ಸಿದ್ಧಪಡಿಸಿದ್ದೆವು. ಮುಕ್ಕಾಲು ಪಾಲು ಜಾಗವನ್ನು ಸೊಗಸಾದ ಒಂದು ಆನೆ ತುಂಬಿಕೊಂಡಿತ್ತು, ಮಾಹಿತಿ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಕ್ಷೇತ್ರದ ಸಹಾಯಕರ ಜೊತೆ ಹೋಗಿ ಒಂದು ಊರಿನ ಅಂಗಡಿಯ ಜಗುಲಿಯಲ್ಲಿ ತೋರಿಸಿದಾಗ, ಹಿಂದಿನ ವಾರವಷ್ಟೇ ಮುಸುಕಿನ ಜೋಳವನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರು ಕಣ್ಣು ಕಿರಿದು ಮಾಡಿ ಓದಿ, "ಆನೆ ಹೆಂಗದೆ ಅಂತ ನಮ್ಗೆ ಗೊತ್ತು ಕಣವ್ವ. ಯಾರ್ಗೆ ಫೋನ್ ಮಾಡ್ಬೇಕು, ಏನೇನ್ ಕಾಗ್ದ ಕೊಡ್ಬೇಕು, ಅದ ದಪ್ಪಕ್ಷರದಲ್ಲಿ ಹಾಕು" ಅಂದರು. ಜೊತೆಗಿದ್ದ ಇನ್ನೊಬ್ಬರ ತೊಂದರೆ ಬೇರೆಯೇ ಆಗಿತ್ತು. ಜಮೀನಿನ ಪಹಣಿ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದೆ, ಅಣ್ಣತಮ್ಮಂದಿರ ನಡುವೆ ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ, ಹಾಗಾಗಿ ಬೆಳೆ ಹೋದರೂ ಅರ್ಜಿ ಮುಂದೆ ಸಾಗುವುದಿಲ್ಲ. ನಮ್ಮ ಭಿತ್ತಿಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಆ ಪ್ರಶ್ನೆ ಹೊಳೆಯುವಂಥದ್ದೂ ಆಗಿರಲಿಲ್ಲ. ಸಂಸ್ಥೆಯ ಪರವಾಗಿ ಒಂದು ಮಾತು ಹೇಳಲೇಬೇಕು: ಮಾರ್ಗದರ್ಶಕಿ ನಮ್ಮ ಟಿಪ್ಪಣಿಯನ್ನು ಓದಿ ಭಿತ್ತಿಪತ್ರವನ್ನು ಪೂರ್ತಿ ಬದಲಿಸಲು ಒಪ್ಪಿದರು. ಆನೆ ಮೂಲೆಗೆ ಸರಿಯಿತು. ವಲಯ ಅರಣ್ಯಾಧಿಕಾರಿ ಕಚೇರಿಯ ಫೋನ್ ಸಂಖ್ಯೆ, ಹಾನಿಯಾದ ಬೆಳೆಯ ಫೋಟೊ ತೆಗೆಯುವ ಬಗೆ, ಬೇಕಾದ ದಾಖಲೆಗಳ ವಿವರ, ಖಾತೆ ಬದಲಾವಣೆಗೆ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಮೇಲಕ್ಕೆ ಬಂತು. ನನ್ನ ಇಡೀ ಅವಧಿಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಕೆಲಸ ಅದೊಂದೇ ಎಂದು ಈಗಲೂ ನಂಬಿದ್ದೇನೆ. ಆದರೂ ಅದು ಇಂಟರ್ನ್‌ಶಿಪ್‌ನ ಪಠ್ಯದಲ್ಲಿ ಇದ್ದದ್ದಲ್ಲ, ಬಿಡುವಿನಲ್ಲಿ ಮಾಡಿದ್ದು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಮೊದಲ ವಾರ ಕೊಟ್ಟ ಓದಿನ ಪಟ್ಟಿಯಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇತ್ತು, ಕಾಡಿನಲ್ಲಿ ನೆಲೆಸಿರುವ ಜನರ ಹಕ್ಕುಗಳಿಗೆ ಮನ್ನಣೆ ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಇರಲಿಲ್ಲ. ನಾಗರಹೊಳೆಯ ಹಾಡಿಗಳ, ಅಂದರೆ ಬುಡಕಟ್ಟು ಜನರ ಪುಟ್ಟ ಊರುಗಳ, ಜೇನುಕುರುಬರ ಬಗ್ಗೆಯಾಗಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಗ್ಗೆಯಾಗಲಿ ಬರೆಯುವವರು ಈ ಕಾಯ್ದೆಯನ್ನು ಓದದೆ ಒಂದು ಪುಟವನ್ನೂ ಬರೆಯಬಾರದು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆತದ್ದು ಹುಲಿ ಮೀಸಲು ಪ್ರದೇಶವೊಂದರೊಳಗೆ ಅಂಥ ಹಕ್ಕಿಗೆ ಮನ್ನಣೆ ಸಿಕ್ಕ ಮೊದಲ ಪ್ರಕರಣ. ಇಷ್ಟು ಮುಖ್ಯವಾದ ಸಂಗತಿಯನ್ನು ನಾನು ಹೊರಗಿನಿಂದ ತಿಳಿದುಕೊಳ್ಳಬೇಕಾಯಿತು. ಹಾಡಿಯ ಮಕ್ಕಳ ಚಿತ್ರ ತೆಗೆಯುವ ಮೊದಲು ಮನೆಯವರ ಒಪ್ಪಿಗೆ ಪಡೆಯಬೇಕೆಂದು ಕಲಿಸಿದರು, ಅದು ಸರಿ. ಆದರೆ ಆ ಮನೆಯವರು ಕಾಡಿನ ಬಗ್ಗೆ ಏನು ಹೇಳುತ್ತಾರೆಂದು ಕೇಳಿ ಬರೆಯುವ ಅಭ್ಯಾಸವನ್ನು ಒಮ್ಮೆಯೂ ಕೊಡಲಿಲ್ಲ. ಚಿತ್ರಕ್ಕೆ ಒಪ್ಪಿಗೆ ಬೇಕಾದವರ ಮಾತಿಗೆ ಸಂಸ್ಥೆಯ ಪ್ರಕಟಣೆಗಳಲ್ಲಿ ಜಾಗ ಇಲ್ಲದಿರುವುದು ನನ್ನನ್ನು ಈಗಲೂ ಕಾಡುತ್ತದೆ.

ಹಣಕಾಸಿನ ವಿಚಾರವನ್ನು ಮುಚ್ಚಿಡಬಾರದು. ತಿಂಗಳ ಸ್ಟೈಪೆಂಡ್ ಬೆಂಗಳೂರಿನ ಪಿ.ಜಿ. ಬಾಡಿಗೆಗೆ ಸಾಲುವಷ್ಟಿತ್ತು, ಊಟಕ್ಕೂ ಬಸ್ಸಿಗೂ ಮನೆಯಿಂದ ತರಿಸಿಕೊಳ್ಳಬೇಕಿತ್ತು. ಕ್ಷೇತ್ರಕ್ಕೆ ಹೋದಾಗ ವಸತಿ ಮತ್ತು ಊಟವನ್ನು ಸಂಸ್ಥೆಯೇ ನೋಡಿಕೊಂಡಿತು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೋಣೆಯೂ ಇತ್ತು. ಹೀಗಾದಾಗ ನಗರದಲ್ಲೇ ಮನೆ ಇರುವವರಿಗೆ ಮಾತ್ರ ಈ ಇಂಟರ್ನ್‌ಶಿಪ್ ಸುಲಭವಾಗುತ್ತದೆ. ಚಾಮರಾಜನಗರದ ಯಾವುದೋ ಹಳ್ಳಿಯಿಂದ ಬಂದು ಓದುತ್ತಿರುವ, ಆನೆ ಕಂದಕ, ಸೋಲಾರ್ ಬೇಲಿ, ರಾತ್ರಿ ಕಾವಲಿನ ಅಟ್ಟಣೆಗಳನ್ನು ಹುಟ್ಟಿನಿಂದ ಬಲ್ಲ ವಿದ್ಯಾರ್ಥಿ ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುತ್ತಾನೆ. ಸಂಸ್ಥೆಗೆ ನಿಜಕ್ಕೂ ಬೇಕಾದವನು ಅವನೇ.

ಹುಲಿ ನೋಡುವ ಆಸೆಯಿಂದ ಅರ್ಜಿ ಹಾಕುವವರು ಯೋಚಿಸಿ ಹಾಕಿ. ಸಂಶೋಧನೆಗಾಗಿ ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಆ ಪತ್ರದಲ್ಲಿ ಸಂವಹನ ವಿಭಾಗದ ಇಂಟರ್ನ್‌ಗಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಾವು ಹೋದದ್ದು ಕಾಡಂಚಿನ ಊರುಗಳವರೆಗೆ, ಅದೂ ಕೇಳಿ ಪಡೆದದ್ದು.

ಆಯ್ಕೆಯ ಕ್ರಮ ನೇರವಾಗಿದೆ. ಪ್ರಕಟಿತ ಸಂಶೋಧನಾ ಪ್ರಬಂಧವೊಂದನ್ನು ಕೊಟ್ಟು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಒಂದು ಪುಟ ಬರೆದುಕೊಡಲು ಹೇಳುತ್ತಾರೆ, ನಂತರ ಸಂದರ್ಶನ. ಅಲ್ಲಿ ಅಲಂಕಾರದ ಭಾಷೆಗೆ ಅಂಕ ಸಿಗುವುದಿಲ್ಲ. ಪ್ರಬಂಧ ಹೇಳದೆ ಇದ್ದದ್ದನ್ನು ಸೇರಿಸಿದ್ದೀರಾ ಎಂದು ನೋಡುತ್ತಾರೆ. ಆ ಪುಟವನ್ನು ಕನ್ನಡದಲ್ಲೂ ಬರೆದು ಜೊತೆಗಿಡಿ, ಕೇಳದಿದ್ದರೂ ಇಡಿ. ಸಂದರ್ಶನದ ಕೊನೆಗೆ ನಿಮ್ಮ ಪ್ರಶ್ನೆ ಏನೆಂದು ಕೇಳಿದಾಗ, ಕ್ಷೇತ್ರದಲ್ಲಿ ಎಷ್ಟು ವಾರ ಇರಲು ಬಿಡುತ್ತೀರಿ, ಕಾಡಂಚಿನ ಊರುಗಳಿಗಾಗಿ ಕನ್ನಡದಲ್ಲಿ ಯಾವ ಕೆಲಸ ನಡೆಯುತ್ತಿದೆ, ಬರೆದ ಬರಹಕ್ಕೆ ನನ್ನ ಹೆಸರು ಹಾಕುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ. ಅವರು ಒಪ್ಪಿದ್ದನ್ನು ನೇಮಕಾತಿ ಪತ್ರದಲ್ಲಿ ಸೇರಿಸಲು ವಿನಂತಿಸಿ; ನನ್ನ ನಂತರ ಸೇರಿದ ಗೆಳತಿ ಹಾಗೆ ಕೇಳಿ ಪಡೆದದ್ದರಿಂದಲೇ ಅವಳಿಗೆ ಎಚ್.ಡಿ. ಕೋಟೆಯ ಭಾಗದಲ್ಲಿ ಒಂದು ಇಡೀ ತಿಂಗಳು ಕೆಲಸ ಮಾಡಲು ಸಾಧ್ಯವಾಯಿತು.