ಹೊರಗಡೆ ಚಿಲಕವಿದ್ದ ‘ಶಾಂತಿ ಕೋಣೆ’: ವಿಶೇಷ ಶಿಕ್ಷಣ ಕೇಂದ್ರವೊಂದರ ವಿಮರ್ಶೆ

ನನ್ನ ಮಗನಿಗೆ ಎಂಟು ವರ್ಷ. ಅವನಿಗೆ ಆಟಿಸಂ ಇದೆ. ದಕ್ಷಿಣ ಬೆಂಗಳೂರಿನ ಬಾಡಿಗೆ ಮನೆಯೊಂದರ ಎರಡು ಮಹಡಿಗಳಲ್ಲಿ ನಡೆಯುವ ವಿಶೇಷ ಶಿಕ್ಷಣ ಕೇಂದ್ರಕ್ಕೆ ಅವನನ್ನು ಹದಿಮೂರು ತಿಂಗಳು ಕಳುಹಿಸಿದೆವು. ಶುಲ್ಕ ತಿಂಗಳಿಗೆ 16,000 ರೂಪಾಯಿ, ಸಮಯ ಬೆಳಿಗ್ಗೆ ಒಂಬತ್ತೂವರೆಯಿಂದ ಎರಡೂವರೆಯವರೆಗೆ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಹೊರಟಿರುವ ಪದ್ಧತಿಯನ್ನು ಬೇರೆ ಕೇಂದ್ರಗಳಲ್ಲಿಯೂ ಕಂಡ ತಾಯಂದಿರೊಡನೆ ಮಾತನಾಡಿದ್ದೇನೆ, ಆದ್ದರಿಂದ ಪದ್ಧತಿಯನ್ನೇ ಬರೆಯುವುದು ಹೆಚ್ಚು ಉಪಯುಕ್ತವೆಂದು ನನಗನಿಸಿದೆ.

ಅಲ್ಲಿನ ವಾಕ್ ಚಿಕಿತ್ಸಕಿಯ ಕೆಲಸಕ್ಕೆ ನಾನು ಋಣಿ. ಕೈ ಹಿಡಿದೆಳೆದು ಬಿಂದಿಗೆಯ ಬಳಿ ಕರೆದೊಯ್ಯುತ್ತಿದ್ದ ಹುಡುಗ ಐದು ತಿಂಗಳಲ್ಲಿ “ನೀರು ಬೇಕು” ಎಂದು ಕೇಳತೊಡಗಿದ. ಕೊಠಡಿಗಳು ಚೊಕ್ಕಟವಾಗಿದ್ದವು, ಆಯಮ್ಮಂದಿರು ಮಕ್ಕಳನ್ನು ಅಕ್ಕರೆಯಿಂದಲೇ ನೋಡಿಕೊಳ್ಳುತ್ತಿದ್ದರು.

ಆದರೆ ಒಂದು ಸಂಜೆ ಅವನು ನಮ್ಮ ಬಚ್ಚಲುಮನೆಯ ಬಾಗಿಲ ಮುಂದೆ ನಿಂತು, ತನ್ನದಲ್ಲದ ಗಡಸು ದನಿಯಲ್ಲಿ, “ಕೂಗಿದ್ರೆ ಬಾಗಿಲು ತೆಗಿಯಲ್ಲ, ಇಪ್ಪತ್ತು ಎಣಿಸು” ಎಂದ. ಆಟಿಸಂ ಇರುವ ಅನೇಕ ಮಕ್ಕಳು ಎಂದೋ ಕೇಳಿದ ವಾಕ್ಯವನ್ನು ದಿನಗಳ ನಂತರ ಅದೇ ಧಾಟಿಯಲ್ಲಿ ಮರುನುಡಿಯುತ್ತಾರೆ. ಎಕೋಲಾಲಿಯಾ ಎಂದು ಅದಕ್ಕೆ ಹೆಸರು. ಅಂದು ಏನಾಯಿತೆಂದು ಕೇಳಿದರೆ ಹೇಳಲಾರದ ನನ್ನ ಮಗ ಹಾಗೆ ನಮಗೆ ವರದಿ ಒಪ್ಪಿಸಿದ್ದ. ಅವನು ಇಪ್ಪತ್ತರವರೆಗೆ ಎಣಿಸಲು ಕಲಿತನೆಂದು ನಾವು ನೆಂಟರಿಗೆಲ್ಲ ಫೋನ್ ಮಾಡಿ ಸಂಭ್ರಮಿಸಿ ಇನ್ನೂ ತಿಂಗಳಾಗಿರಲಿಲ್ಲ.

ಮರುದಿನ ಹೋಗಿ, ಒತ್ತಾಯ ಮಾಡಿ, ಆ ಕೋಣೆಯನ್ನು ನೋಡಿದೆ. ಮೆಟ್ಟಿಲ ಕೆಳಗಿನ ಉಗ್ರಾಣ. ಕಿಟಕಿಯಿಲ್ಲ, ನೆಲಕ್ಕೆ ಒಂದು ಚಾಪೆ, ಗೋಡೆಗೆ ನಗುವ ಸೂರ್ಯನ ಚಿತ್ರ. ‘ಶಾಂತಿ ಕೋಣೆ’ ಎಂಬ ಬಣ್ಣದ ಫಲಕದ ಕೆಳಗೆ, ಬಾಗಿಲ ಹೊರಭಾಗದಲ್ಲಿ, ದೊಡ್ಡವರ ಎದೆಯ ಎತ್ತರಕ್ಕೆ ಚಿಲಕವಿತ್ತು. “ಇದು ಶಿಕ್ಷೆಯಲ್ಲ ಮೇಡಂ, ಟೈಮ್ ಔಟ್. ವಿದೇಶದಲ್ಲೂ ಹೀಗೇ ಮಾಡ್ತಾರೆ” ಎಂದರು ಮೇಲ್ವಿಚಾರಕರು.

ವಿದೇಶದಲ್ಲಿ ಮಾಡಿದ್ದಾರೆ, ನಿಜ. ಅಮೆರಿಕದ ಶಾಲೆಗಳಲ್ಲಿ ಮಕ್ಕಳನ್ನು ಅದುಮಿ ಹಿಡಿದ ಮತ್ತು ಕೂಡಿಹಾಕಿದ ನೂರಾರು ಆರೋಪಗಳನ್ನು, ಸಾವುಗಳನ್ನೂ ಒಳಗೊಂಡು, ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2009ರಲ್ಲಿ ವರದಿ ಮಾಡಿತು. ಇಲಿನಾಯ್ ರಾಜ್ಯದ ಶಿಕ್ಷಣ ಮಂಡಳಿ 2019ರಲ್ಲಿ ಮಗುವನ್ನು ಒಂಟಿಯಾಗಿ ಕೂಡಿಹಾಕುವುದನ್ನು ತುರ್ತು ನಿಯಮದ ಮೂಲಕ ನಿಷೇಧಿಸಿತು. ಇನ್ನು ವರ್ತನಾ ಚಿಕಿತ್ಸೆಯಲ್ಲಿ ಟೈಮ್ ಔಟ್ ಎಂದರೆ ಮಗುವಿಗೆ ಇಷ್ಟವಾದ ಚಟುವಟಿಕೆಯಿಂದ ಅದನ್ನು ಸ್ವಲ್ಪ ಹೊತ್ತು ದೂರವಿಡುವುದು. ಆ ಪದದಲ್ಲಿ ಚಿಲಕ ಅಡಗಿಲ್ಲ. ಅದಕ್ಕೂ ಮೊದಲು ವರ್ತನೆಯ ಹಿಂದೆ ಏನಾಯಿತು, ಮುಂದೆ ಏನಾಯಿತು ಎಂದು ಬರೆದಿಟ್ಟು ಅದರ ಕಾರಣವನ್ನು ಹುಡುಕಬೇಕು. ಮಗುವಿಗೆ ಗಮನ ಬೇಕಿತ್ತೇ, ವಸ್ತು ಬೇಕಿತ್ತೇ, ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಬೇಕಿತ್ತೇ, ಅಥವಾ ಇಂದ್ರಿಯಗಳಿಗೆ ಸಂಬಂಧಿಸಿದ್ದೇ? ನನ್ನ ಮಗನನ್ನು ಆ ಕೋಣೆಗೆ ಕಳುಹಿಸುತ್ತಿದ್ದದ್ದು ಅವನು ಮಣಿಗಳನ್ನು ಎಸೆದಾಗ. ಅವನು ಎಸೆಯುತ್ತಿದ್ದದ್ದು ಹನ್ನೊಂದು ಗಂಟೆಗೆ, ಸಂಪಿನ ಮೋಟಾರು ಶುರುವಾದಾಗ. ಆ ಸದ್ದು ಅವನಿಗೆ ತಡೆಯಲಾಗದು. ಹದಿಮೂರು ತಿಂಗಳಲ್ಲಿ ಯಾರೂ ಮೋಟಾರನ್ನೂ ಮಣಿಗಳನ್ನೂ ಜೋಡಿಸಿ ನೋಡಿರಲಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ಕೆಲಸ ತಪ್ಪಿಸಿಕೊಳ್ಳಲು ಎಸೆಯುವ ಮಗುವನ್ನು ಕೋಣೆಗೆ ಕಳುಹಿಸಿದರೆ ಅದಕ್ಕೆ ಬೇಕಿದ್ದ ಬಿಡುವೇ ಸಿಕ್ಕಂತಾಗಿ, ಎಸೆತ ಇನ್ನಷ್ಟು ಗಟ್ಟಿಯಾಗುತ್ತದೆ.

“ನಮ್ಮದು ಶಾಲೆಯಲ್ಲ, ಆ ಕಾನೂನು ನಮಗೆ ಅನ್ವಯಿಸುವುದಿಲ್ಲ” ಎಂಬ ಮಾತೂ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು ಶಾಲೆಗಳನ್ನು ಕುರಿತೇ ಇರಬಹುದು. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್, ತನ್ನ ವಶದಲ್ಲಿರುವ ಮಗುವಿಗೆ ಅನಗತ್ಯ ಮಾನಸಿಕ ಅಥವಾ ದೈಹಿಕ ಯಾತನೆಯಾಗುವಂತೆ ನಡೆದುಕೊಳ್ಳುವ ಯಾರನ್ನೂ ಹೊರಗಿಟ್ಟಿಲ್ಲ, ಮತ್ತು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಕ್ರೂರ, ಅಮಾನವೀಯ ವರ್ತನೆಯಿಂದ ರಕ್ಷಣೆ ಕೊಡುವಾಗ ಕಟ್ಟಡದ ಮೇಲಿನ ಫಲಕವನ್ನು ನೋಡುವುದಿಲ್ಲ.

ಶಾಂತವಾಗಲು ಒಂದು ಮೂಲೆ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಈಗ ಅವನು ಹೋಗುವ ಕಡೆ ಪರದೆ ಕಟ್ಟಿದ ಮೂಲೆಯೊಂದಿದೆ. ತಾನೇ ಹೋಗುತ್ತಾನೆ, ತಾನೇ ಬರುತ್ತಾನೆ, ಪಕ್ಕದಲ್ಲಿ ಟೀಚರ್ ಕುಳಿತಿರುತ್ತಾರೆ. ಸೇರಿಸುವ ಮುನ್ನ ಪೋಷಕರು ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಬೇಕು, ಕಟ್ಟಡದ ಎಲ್ಲ ಬಾಗಿಲುಗಳನ್ನೂ ತೆರೆಸಿ ನೋಡಬೇಕು, ಮುನ್ಸೂಚನೆಯಿಲ್ಲದೆ ಬರಲು ಅವಕಾಶವಿದೆಯೇ ಎಂದು ಬರವಣಿಗೆಯಲ್ಲಿ ಪಡೆಯಬೇಕು. ನಾನು ಇವುಗಳಲ್ಲಿ ಒಂದನ್ನೂ ಮಾಡಿರಲಿಲ್ಲ.

ತಂದೆ ಅಥವಾ ತಾಯಿ ಜೊತೆಗೆ ಕುಳಿತಿರುವುದಾದರೆ, ಮಾತಿನ ತರಬೇತಿಯ ಮುಕ್ಕಾಲು ಗಂಟೆಗೆ ಈ ಕೇಂದ್ರಕ್ಕೆ ಹೋಗಬಹುದು. ದಿನವಿಡೀ ಮಗುವನ್ನು ಬಿಟ್ಟು ಬರಲು ನಾನು ಯಾರಿಗೂ ಹೇಳಲಾರೆ. ಮುಂಗಡ ಹಣವನ್ನು ಅವರು ತಕರಾರಿಲ್ಲದೆ ಹಿಂದಿರುಗಿಸಿದರು. ನನ್ನ ಮಗ ಮಾತ್ರ ಈಗಲೂ ಸ್ನಾನಕ್ಕೆ ಹೋಗುವಾಗ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟೇ ಒಳಗೆ ಹೋಗುತ್ತಾನೆ.