ತಾತನ ಡಬ್ಬಿಯ ನಾಣ್ಯಗಳಿಗೆ ಚಿಕ್ಕಪೇಟೆಯಲ್ಲಿ ಬೆಲೆ ಕಟ್ಟಿಸಿದ್ದು

ತಾತ ತೀರಿಕೊಂಡ ಮೇಲೆ ಅವರ ಹಿತ್ತಾಳೆ ಡಬ್ಬಿಯಲ್ಲಿ ಸಿಕ್ಕ 41 ನಾಣ್ಯಗಳನ್ನು ತೋರಿಸಿ, ಯಾವುದು ಏನು, ಎಷ್ಟು ಬಾಳುತ್ತದೆ ಎಂದು ತಿಳಿದುಕೊಳ್ಳಲು ಬೆಂಗಳೂರಿನ ಚಿಕ್ಕಪೇಟೆಯ ಈ ಪುಟ್ಟ ನಾಣ್ಯದಂಗಡಿಗೆ ಹೋಗಿದ್ದೆ. ಅದಕ್ಕೂ ಮೊದಲು ಫೋನಿನಲ್ಲಿ ಯಾರೋ ಒಬ್ಬರು ಇಡೀ ಡಬ್ಬಿಗೆ ಹನ್ನೆರಡು ಲಕ್ಷ ಕೊಡಿಸುವುದಾಗಿ ಹೇಳಿ, ಮುಂಗಡವಾಗಿ ನೋಂದಣಿ ಶುಲ್ಕ ಕೇಳಿದ್ದರು. ಇಂಥ ಆಮಿಷಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟದ್ದು ನೆನಪಿದ್ದುದರಿಂದ ಬಚಾವಾದೆ.

ಅಂಗಡಿಯ ಯಜಮಾನರು ಬೆಲೆಯ ಮಾತಿಗೆ ಮೊದಲು ತಕ್ಕಡಿಯನ್ನೂ ಒಂದು ಅಯಸ್ಕಾಂತವನ್ನೂ ಮುಂದಿಟ್ಟುಕೊಂಡರು. ರಾಜನ ತಲೆಯಿರುವ ರೂಪಾಯಿಗಳೆಲ್ಲ ಅಪ್ಪಟ ಬೆಳ್ಳಿ ಎಂಬುದು ನಮ್ಮ ಮನೆಯವರ ನಂಬಿಕೆಯಾಗಿತ್ತು. 1947ರ ರೂಪಾಯಿ ಟಕ್ಕನೆ ಅಯಸ್ಕಾಂತಕ್ಕೆ ಅಂಟಿಕೊಂಡಾಗ ಅದು ನಿಕ್ಕಲ್ ಎಂದು ಗೊತ್ತಾಯಿತು. 1918ರ ರೂಪಾಯಿಯೂ 1944ರದೂ ತೂಕದಲ್ಲಿ ಹೆಚ್ಚುಕಡಿಮೆ ಒಂದೇ, ಸುಮಾರು 11.66 ಗ್ರಾಂ, ಆದರೆ ಮೊದಲನೆಯದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಎರಡನೆಯದರಲ್ಲಿ ಬರೀ ಅರ್ಧ. ಇವೆರಡಕ್ಕೂ ಅವರು ಅಂದಿನ ಬೆಳ್ಳಿಯ ದರವನ್ನೇ ಹಿಡಿದು ಲೆಕ್ಕ ಹೇಳಿದರು. ನಾವು ಬಹಳ ಆಸೆ ಇಟ್ಟುಕೊಂಡಿದ್ದ 1862ರ ವಿಕ್ಟೋರಿಯಾ ರೂಪಾಯಿ ಅಂಥ ವಿರಳವೇನಲ್ಲವಂತೆ: ಟಂಕಸಾಲೆಯವರು 1874ರವರೆಗೂ ಅದೇ ಇಸವಿಯನ್ನು ಮುದ್ರಿಸುತ್ತಿದ್ದರು.

ದೇವರ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದ ನಾಣ್ಯದ್ದೇ ಬೇರೆ ಕಥೆ. ಒಂದು ಬದಿಯಲ್ಲಿ ಶ್ರೀರಾಮ ಪಟ್ಟಾಭಿಷೇಕ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818. ಕಂಪನಿ ಇಂಥ ನಾಣ್ಯವನ್ನು ಚಲಾವಣೆಗೆ ತಂದದ್ದೇ ಇಲ್ಲ, ಇದು ಈಚಿನವರು ಅಚ್ಚು ಹಾಕಿದ ಬಿಲ್ಲೆ ಎಂದು ವಿವರಿಸಿ, "ಪೂಜೆಗೆ ಇಟ್ಕೊಳ್ಳಿ ಸಾರ್, ಮಾರೋಕೆ ಹೋಗ್ಬೇಡಿ" ಎಂದರು. ಜೊತೆಗೆ ಬಂದಿದ್ದ ನನ್ನ ಸೋದರತ್ತೆ ಆಮೇಲೆ ಅರ್ಧ ಗಂಟೆ ಮಾತೇ ಆಡಲಿಲ್ಲ.

ಯಾರೂ ಲೆಕ್ಕಕ್ಕಿಡದ ಎರಡು ದಪ್ಪ ತಾಮ್ರದ ಬಿಲ್ಲೆಗಳನ್ನು ಮಾತ್ರ ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಎರಡರಲ್ಲೂ ಆನೆ ಇದೆ. ಒಂದರಲ್ಲಿ ಆನೆಯ ಮೇಲೆ ಸೂರ್ಯ ಚಂದ್ರರಿದ್ದು, ಹಿಂಬದಿಯಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು' ಎಂದಿರುವುದರಿಂದ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಇನ್ನೊಂದು ಟಿಪ್ಪುವಿನ ಪೈಸೆ. ಅದರ ಪರ್ಷಿಯನ್ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದೂ, ಆ 1218 ಹಿಜರಿಯಲ್ಲ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯದೆಂದೂ, ನಮ್ಮ ಲೆಕ್ಕದಲ್ಲಿ ಅದು 1790ರ ಆಸುಪಾಸು ಬರುತ್ತದೆಂದೂ ತೋರಿಸಿಕೊಟ್ಟರು. ದುರದೃಷ್ಟವೆಂದರೆ, ನಾವು ಹೊರಡುವ ಹಿಂದಿನ ದಿನ ಅಮ್ಮ ಅದನ್ನು ದೀಪದ ಕಂಬಗಳ ಜೊತೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ್ದರು. ಕಾಲದಿಂದ ಕೂತ ಕಂದು ಬಣ್ಣ ಹೋದರೆ ಸಂಗ್ರಹಕಾರರು ಮುಟ್ಟುವುದಿಲ್ಲವಂತೆ. ಒಳ್ಳೆಯ ಬೆಲೆ ಬರಬಹುದಾಗಿದ್ದದ್ದು ಕೆಲವು ನೂರು ರೂಪಾಯಿಗೆ ಇಳಿಯಿತು. ನೀವು ಹೋಗುವುದಾದರೆ ನಾಣ್ಯಗಳನ್ನು ಧೂಳು ಸಮೇತ ಒಯ್ಯಿರಿ.

ಅಮೆರಿಕದಲ್ಲಿರುವ ಚಿಕ್ಕಪ್ಪನಿಗೆ ಅವನ ಪಾಲನ್ನು ಕಳಿಸುವ ಯೋಚನೆಯಿತ್ತು. ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳಾಗುವುದರಿಂದ ಅವನ್ನು ದೇಶದಾಚೆ ಸಾಗಿಸುವಂತಿಲ್ಲ ಎಂದು, ಕೇಳದೆಯೇ ತಿಳಿಸಿದ್ದು ದೊಡ್ಡ ಉಪಕಾರ.

ಆಕ್ಷೇಪಗಳೂ ಇವೆ. ಬೆಲೆ ಕಟ್ಟುವವರೂ ಕೊಳ್ಳುವವರೂ ಒಬ್ಬರೇ ಆಗಿರುವುದರಿಂದ ಅವರು ಹೇಳಿದ್ದನ್ನು ಮತ್ತೊಂದು ಕಡೆ ವಿಚಾರಿಸದೆ ಒಪ್ಪುವುದು ಕಷ್ಟ. ಎಷ್ಟು ಕೇಳಿದರೂ ಪಟ್ಟಿಯನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಲಿಲ್ಲ. ಆದ್ದರಿಂದ ಅಣ್ಣತಮ್ಮಂದಿರ ನಡುವೆ ಹಂಚಿಕೊಳ್ಳಲು ಲಿಖಿತ ಮೌಲ್ಯ ಬೇಕೆನ್ನುವವರು ಬೇರೆ ಕಡೆ ನೋಡಬೇಕಾಗುತ್ತದೆ.