ನೆತ್ತಿಯ ಮೇಲಿನ ಹತ್ತು ದೀಪ: ಮೂರು ದಾರಿ, ಹನ್ನೊಂದು ಸಲ ಏಣಿ

ಕ್ಯಾಲಿಫೋರ್ನಿಯಾದ ಡಾನರ್ ಘಾಟಿ ಇಳಿದು ಸ್ಯಾಕ್ರಮೆಂಟೊ ಕಡೆಗೆ ಬರುತ್ತಿದ್ದೆವು. ಕತ್ತಲಾಗಿ ಅರ್ಧ ಗಂಟೆ ಆಗಿರಬಹುದು. ಹಿಂದೆ ಬಂದ ಹೈವೇ ಪೊಲೀಸ್ ಕಾರು ದೀಪ ಮಿನುಗಿಸಿ ಪಕ್ಕಕ್ಕೆ ನಿಲ್ಲಿಸಿತು. ವೇಗವೇನೂ ಜಾಸ್ತಿ ಇರಲಿಲ್ಲ. ನಮ್ಮ ಗಾಡಿಗೆ ಆ ಶಕ್ತಿಯೂ ಇಲ್ಲ. ಪೊಲೀಸಪ್ಪ ಟಾರ್ಚನ್ನು ಹಿಂಬದಿಯ ನೆತ್ತಿಗೆ ಹಿಡಿದು ತೋರಿಸಿದ. ಸಾಲಾಗಿ ಐದು ಕೆಂಪು ದೀಪ ಇರಬೇಕಾದಲ್ಲಿ ಎರಡೇ ಉರಿಯುತ್ತಿದ್ದವು. ಮುಂದೆ ಹೋಗಿ ನೋಡಿದರೆ ಅಲ್ಲೂ ಐದರಲ್ಲಿ ಮೂರು. ಕೈಗೆ ಬಂದದ್ದು ಇಲ್ಲಿಯವರು ಫಿಕ್ಸ್-ಇಟ್ ಟಿಕೆಟ್ ಅನ್ನುವ ಚೀಟಿ: ರಿಪೇರಿ ಮಾಡಿಸಿ, ಸರಿಯಾಗಿದೆ ಅಂತ ಸಹಿ ಹಾಕಿಸಿ, ಕೋರ್ಟಿಗೆ 25 ಡಾಲರ್ ಕಟ್ಟಿದರೆ ಕೇಸು ಮುಗಿಯಿತು. ಕೇಸೇನೋ ಮುಗಿಯಿತು, ದೀಪದ ಕಥೆ ಶುರುವಾದದ್ದು ಆಗ.

ಗಾಡಿ 1996ರದು. ಫೋರ್ಡ್ ಇ-350 ಚಾಸಿಯ ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ಡ್ರೈವರ್ ಕ್ಯಾಬಿನ್ನಿನ ತಲೆಯ ಮೇಲೆ ಮಲಗುವ ಅಟ್ಟವೊಂದು ಮುಂದಕ್ಕೆ ಚಾಚಿಕೊಂಡಿರುವ ಜಾತಿ. ಮರದ ಚೌಕಟ್ಟು, ಮೇಲೆ ಅಲ್ಯುಮಿನಿಯಂ ತಗಡು, ಛಾವಣಿಗೆ ರಬ್ಬರ್ ಹಾಳೆ. ಅಮೆರಿಕದ ವಾಹನ ನಿಯಮದಲ್ಲಿ 80 ಇಂಚು ಅಥವಾ ಅದಕ್ಕಿಂತ ಅಗಲದ ಗಾಡಿಗೆ ನೆತ್ತಿಯ ಹತ್ತಿರ ಮುಂದೆ ಐದು ಹಳದಿ, ಹಿಂದೆ ಐದು ಕೆಂಪು ದೀಪ ಇರಲೇಬೇಕು. ಎರಡು ತುದಿಯವು ಗಾಡಿಯ ಅಗಲ ತೋರಿಸಲಿಕ್ಕೆ, ನಡುವಿನ ಮೂರು ಇದು ದೊಡ್ಡ ಗಾಡಿ ಅಂತ ದೂರದಿಂದಲೇ ತಿಳಿಸಲಿಕ್ಕೆ. ಬಾಯಿಮಾತಿನಲ್ಲಿ ಎಲ್ಲಕ್ಕೂ ಕ್ಲಿಯರೆನ್ಸ್ ಲೈಟ್ ಅಂತಲೇ ಅನ್ನುತ್ತಾರೆ.

ದೀಪ ಬೆಂಕಿಪೊಟ್ಟಣದಷ್ಟು. ಅದನ್ನು ಮುಟ್ಟುವುದೇ ಕೆಲಸ. ಮುಂದಿನ ಸಾಲು ನೆಲದಿಂದ ಸುಮಾರು ಒಂಬತ್ತೂವರೆ ಅಡಿ ಎತ್ತರದಲ್ಲಿದೆ, ಅದರ ಕೆಳಗೆ ಬಾನೆಟ್ ಮತ್ತು ಗಾಜು. ಏಣಿಯನ್ನು ನೇರ ಇಡಲು ಜಾಗವೇ ಇಲ್ಲ. ಒರಗಿಸುವ ಏಣಿ ಇಟ್ಟರೆ ತಗಡು ನೆಗ್ಗುತ್ತದೆ. ಛಾವಣಿಯ ಮೇಲೆ ಬೋರಲು ಮಲಗಿ ಕೈ ಇಳಿಬಿಟ್ಟರೆ ದೀಪ ಸಿಗುತ್ತದೆ, ಆದರೆ ತಲೆಕೆಳಗಾಗಿ. ಸ್ಕ್ರೂ ಬಿಚ್ಚುವುದು ಯಾವ ಕಡೆಗೆ ಅಂತ ಪ್ರತಿಸಲ ಯೋಚಿಸಬೇಕು, ಕೈ ಜಾರಿದ ಸ್ಕ್ರೂ ಸೀದಾ ವೈಪರ್ ಸಂದಿಗೆ. ಹಿಂಬದಿಯಲ್ಲಿ ಗಾಡಿಗೇ ಜೋಡಿಸಿದ ಏಣಿ ಇದೆ. ಅದರಿಂದ ಎರಡು ದೀಪ ಕೈಗೆ ಸಿಗುತ್ತವೆ, ಉಳಿದ ಮೂರಕ್ಕೆ ಮತ್ತೆ ಬೋರಲು.

ಆದ್ದರಿಂದ ದೀಪ ಸರಿಪಡಿಸುವ ದಾರಿಗಳ ಈ ಹೋಲಿಕೆಯಲ್ಲಿ ನಾನು ಲೆಕ್ಕ ಇಟ್ಟದ್ದು ಡಾಲರಿಗಲ್ಲ, ಏಣಿ ಹತ್ತಿದ್ದಕ್ಕೆ. ನಾಲ್ಕು ವರ್ಷದಲ್ಲಿ ಮೂರು ದಾರಿ ನೋಡಿದೆ, ಹನ್ನೊಂದು ಸಲ ಹತ್ತಿದೆ.

ಮೊದಲನೆಯದು ಎಲ್ಲರೂ ಮಾಡುವುದೇ: ಹಳೆಯ ದೀಪದೊಳಗೆ ಅದೇ ಜಾತಿಯ ಹೊಸ ಬಲ್ಬು. 194 ಅನ್ನುವ ನಂಬರಿನ ಈ ಪುಟ್ಟ ಗಾಜಿನ ಬಲ್ಬು ಯಾವ ಆಟೋ ಅಂಗಡಿಯಲ್ಲೂ ಜೋಡಿ ಲೆಕ್ಕದಲ್ಲಿ ಸಿಗುತ್ತದೆ. ತಿರುಗಿಸುವ ಕೆಲಸವಿಲ್ಲ, ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಬೆಳಕು ಕೂಡ ಚೆಂದ. ಹಳದಿ ಲೆನ್ಸಿನ ಹಿಂದೆ ಫಿಲಮೆಂಟು ಉರಿದರೆ ಬರುವ ಬಣ್ಣ ಹಣತೆಯ ಬಣ್ಣ, ಅದನ್ನು ಇನ್ನಾವುದೂ ಕೊಡಲಿಲ್ಲ.

ಆದರೆ ಎರಡು ವರ್ಷದಲ್ಲಿ ಇದಕ್ಕಾಗಿಯೇ ಆರು ಸಲ ಹತ್ತಿದೆ. ಆ ಆರರಲ್ಲಿ ಬಲ್ಬು ನಿಜವಾಗಿ ಸುಟ್ಟುಹೋಗಿದ್ದದ್ದು ಎರಡೇ ಸಲ. ಉಳಿದ ನಾಲ್ಕೂ ಸಲ ಬಲ್ಬು ಸರಿಯಿತ್ತು, ಸಾಕೆಟ್ಟಿನ ಹಿತ್ತಾಳೆ ನಾಲಿಗೆ ಹಸಿರು ಹಿಡಿದಿತ್ತು, ಇಲ್ಲವೇ ಅರ್ತಿಂಗ್ ಹೋಗಿತ್ತು. ನನ್ನ ಗಾಡಿಯಲ್ಲಿ ದೀಪಕ್ಕೆ ಬರುವುದು ಒಂದೇ ವೈರು. ವಾಪಸ್ ದಾರಿ ದೀಪವನ್ನು ಹಿಡಿದಿರುವ ಸ್ಕ್ರೂ ಮೂಲಕ ತಗಡಿಗೆ. ಸ್ಕ್ರೂಗೆ ತುಕ್ಕು ಬಂದರೆ ದೀಪ ಸತ್ತಂತೆ. ಊರಲ್ಲಿ ಚಿಕ್ಕಪ್ಪನ ಲಾರಿ ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್ ಯಾವ ದೂರಿಗೂ ಮೊದಲು ಹೇಳುತ್ತಿದ್ದದ್ದು ಒಂದೇ: "ಅರ್ತಿಂಗ್ ನೋಡು ಫಸ್ಟು." ಅರಸೀಕೆರೆಯ ಶೆಡ್ಡಿನಲ್ಲಿ ಕೇಳಿದ ಆ ಮಾತು ನೆನಪಾಗಲು ನನಗೆ ನಾಲ್ಕು ಸಲ ಏಣಿ ಹತ್ತಬೇಕಾಯಿತು.

ಇನ್ನೊಂದು ಕಾಟ ಲೆನ್ಸಿನದು. ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇಪ್ಪತ್ತೈದು ವರ್ಷ ಆ ಬಿಸಿಲುಂಡ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ. ಬಲ್ಬು ಹಾಕಲು ಲೆನ್ಸ್ ತೆಗೆಯಲೇಬೇಕು, ತೆಗೆದಾಗಲೆಲ್ಲ ಒಂದು ಮೂಲೆ ಚಟಕ್. ಮುರಿದ ಮೂಲೆಯಿಂದ ನೀರು, ನೀರಿನಿಂದ ಹಸಿರು, ಹಸಿರಿನಿಂದ ಮತ್ತೆ ಏಣಿ.

ಎರಡನೆಯ ದಾರಿ: ಹಳೆಯ ದೀಪ ಹಾಗೇ ಇಟ್ಟು, ಒಳಗೆ ಅದೇ ಅಳತೆಯ ಎಲ್‌ಇಡಿ ಬಲ್ಬು. ಹತ್ತರ ಪೊಟ್ಟಣ ಹದಿನೈದು ಡಾಲರು. ಎಲ್‌ಇಡಿ ಹಾಕಿದರೆ ಕರೆಂಟು ಉಳಿಯುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ. ಹಳೆಯ ಬಲ್ಬು ಒಂದಕ್ಕೆ 0.27 ಆಂಪಿಯರ್ ಎಳೆಯುತ್ತದೆ, ಹತ್ತಕ್ಕೆ 2.7. ಎಲ್‌ಇಡಿ ಅದರ ಐದನೇ ಒಂದು ಭಾಗವೂ ಎಳೆಯುವುದಿಲ್ಲ, ನಿಜ. ಆದರೆ ಈ ದೀಪ ಉರಿಯುವುದು ಇಂಜಿನ್ ಓಡುವಾಗ, ಆಲ್ಟರ್ನೇಟರ್ ದುಡಿಯುತ್ತಿರುವಾಗ. ಗಾಡಿಯೊಳಗೆ ನಾವು ಇರುವ ಭಾಗಕ್ಕಿರುವ ಬೇರೆ ಬ್ಯಾಟರಿಗೆ ಇದರಿಂದ ಒಂದು ಹನಿಯೂ ಉಳಿಯುವುದಿಲ್ಲ. ಒಳಗಿನ ದೀಪಗಳಿಗೆ ಆ ಮಾತು ಸರಿ, ನೆತ್ತಿಯವಕ್ಕೆ ಅಲ್ಲ.

ಇಲ್ಲಿ ನಾನು ಮಾಡಿದ ತಪ್ಪು ಬಿಳಿ ಎಲ್‌ಇಡಿ ಕೊಂಡದ್ದು. ಲೆನ್ಸಿಗೇ ಬಣ್ಣ ಇದೆಯಲ್ಲ, ಬಲ್ಬು ಯಾವುದಾದರೇನು ಅಂದುಕೊಂಡೆ. ಲೆನ್ಸು ಬಣ್ಣ ಕೊಡುವುದಿಲ್ಲ, ತನಗೆ ಬೇಕಾದ ಬಣ್ಣವನ್ನಷ್ಟೇ ಹೊರಗೆ ಬಿಡುತ್ತದೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಹಾಗಾಗಿ ಮುಂದಿನವು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದವು, ಹಿಂದಿನವು ಮಂಕು ಗುಲಾಬಿ. ಎಲ್ಲ ತೆಗೆದು ಹಳದಿಗೆ ಹಳದಿ, ಕೆಂಪಿಗೆ ಕೆಂಪು ಎಲ್‌ಇಡಿ ತಂದು ಹಾಕಲು ಎರಡನೇ ಸಲ ಹತ್ತಿದೆ.

ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇದೆ. ಉಲ್ಟಾ ಕೂತರೆ ಹೊತ್ತುವುದಿಲ್ಲ, ತಿರುಗಿಸಿ ಹಾಕಬೇಕು. ಆದ್ದರಿಂದ ಹತ್ತುವ ಮೊದಲೇ ಪಾರ್ಕಿಂಗ್ ಲೈಟಿನ ಸ್ವಿಚ್ ಹಾಕಿಟ್ಟುಕೊಳ್ಳಿ. ನಾನು ಹಾಕಿರಲಿಲ್ಲ. ಐದೂ ಮುಚ್ಚಿ ಇಳಿಯುತ್ತಿರುವಾಗ ಕೆಳಗಿನಿಂದ ಹೆಂಡತಿ ಸ್ವಿಚ್ ಒತ್ತಿ, "ರೀ, ಎರಡು ಹೊತ್ತಿಲ್ಲ, ಅಲ್ಲೇ ಇರಿ" ಅಂದಳು.

ಬೆಳಕು ಯಾವ ಕಡೆಗೆ ಬೀಳುತ್ತದೆ ಅನ್ನುವುದೂ ನೋಡಬೇಕು. ಫಿಲಮೆಂಟು ಸುತ್ತಲೂ ಬೆಳಗುತ್ತದೆ. ನನ್ನ ದೀಪದಲ್ಲಿ ಬಲ್ಬು ಅಡ್ಡ ಮಲಗಿರುತ್ತದೆ, ತುದಿಯಲ್ಲಿ ಮಾತ್ರ ಬೆಳಕು ಕೊಡುವ ಚಿಪ್ಪು ಇರುವ ಎಲ್‌ಇಡಿ ಹಾಕಿದರೆ ಬೆಳಕೆಲ್ಲ ಪಕ್ಕದ ಗೋಡೆಗೆ, ರಸ್ತೆಗೆ ಏನೂ ಇಲ್ಲ. ಮೈಸುತ್ತ ಚಿಪ್ಪಿರುವುದೇ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಗುಂಡಿ ಬಂದಾಗಲೆಲ್ಲ ಮಿಣಮಿಣ. ಹಳೆಯ ಬಲ್ಬಿನಲ್ಲೂ ಸಾಕೆಟ್ಟು ಅಷ್ಟೇ ಸಡಿಲ ಇತ್ತು. ಆದರೆ ಕಾದ ಫಿಲಮೆಂಟು ಕರೆಂಟು ಕ್ಷಣ ತಪ್ಪಿದರೂ ಆರುವುದಿಲ್ಲ. ಎಲ್‌ಇಡಿ ತಕ್ಷಣ ಆರಿ, ತಕ್ಷಣ ಹೊತ್ತುತ್ತದೆ, ಮುಚ್ಚಿಟ್ಟ ರೋಗವನ್ನು ಬಯಲು ಮಾಡುತ್ತದೆ. ಮೂರನೇ ಸಲ ಹತ್ತಿದ್ದು ಅದಕ್ಕೆ.

ಆ ಸಲ ಬಲ ತುದಿಯ ದೀಪವನ್ನು ಬುಡಸಮೇತ ಬಿಚ್ಚಿದೆ. ಅಷ್ಟು ದಿನ ನೋಡದೆ ಇದ್ದದ್ದು ಆಗ ಕಂಡಿತು. ದೀಪದ ಹಿಂದಿನ ತೂತಿನ ಸುತ್ತ ಪ್ಲೈವುಡ್ಡು ಕಪ್ಪಾಗಿತ್ತು. ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ನೆನೆದ ರಸ್ಕಿನೊಳಗೆ ಹೋದ ಹಾಗೆ ಹೋಯಿತು. ವಾಸನೆ, ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕ ಒಟ್ಟಿದ ಸೌದೆಯದು. ಅಟ್ಟದ ಹಾಸಿಗೆಯ ಮೂಲೆ ಯಾಕೆ ಯಾವಾಗಲೂ ತಣ್ಣಗಿರುತ್ತದೆ ಅಂತ ಮಗಳು ಕೇಳುತ್ತಿದ್ದಳು, ಉತ್ತರ ಅಲ್ಲಿತ್ತು. ನಾನು ಬೆಳಕಿನ ಚಿಂತೆಯಲ್ಲಿದ್ದೆ. ಆ ದೀಪ ವರ್ಷಗಳಿಂದ ಕೊಳಾಯಿಯ ಕೆಲಸ ಮಾಡುತ್ತಿತ್ತು.

ಹಾಗಾಗಿ ಮೂರನೆಯ ದಾರಿ: ಹಳೆಯದನ್ನು ಬುಡಸಮೇತ ತೆಗೆದು, ಬಲ್ಬು ಬದಲಿಸುವ ಮಾತೇ ಇಲ್ಲದ ಸೀಲ್ ಮಾಡಿದ ಎಲ್‌ಇಡಿ ದೀಪ. ಒಂದಕ್ಕೆ ಒಂಬತ್ತು ಡಾಲರ್. ಲೆನ್ಸಿನ ಮೇಲೆ ಡಿಒಟಿ, ಅಂದರೆ ಅಮೆರಿಕದ ವಾಹನ ನಿಯಮಕ್ಕೆ ಹೊಂದುತ್ತದೆ ಅನ್ನುವ ಗುರುತು, ಅಚ್ಚಾಗಿರುವುದನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಹಳೆಯದರ ಎರಡು ಸ್ಕ್ರೂ ತೂತಿನ ನಡುವಿನ ಅಂತರ ಅಳೆಯಿರಿ, ಬುಡದ ಉದ್ದಗಲವನ್ನೂ. ಹೊಸದು ಚಿಕ್ಕದಾದರೆ ಹಳೆಯ ತೂತು ಹೊರಗೆ ಉಳಿಯುತ್ತದೆ, ಮಳೆಗೆ ಹೊಸ ಬಾಗಿಲು.

ಈ ಸಲ ಚಕ್ರ ಇರುವ ಸಾರ್ವೆಯನ್ನು ಬಾಡಿಗೆಗೆ ತಂದೆ. ಬಾಡಿಗೆ ಕೇಳಿ ಹೆಂಡತಿ "ಮೂಗಿಗಿಂತ ಮೂಗುತಿ ಭಾರ" ಅಂದಳು. ಆದರೆ ಎರಡೂ ಕೈ ಬಿಟ್ಟು, ಎದೆಮಟ್ಟದಲ್ಲಿ ದೀಪ ಇಟ್ಟುಕೊಂಡು ಕೆಲಸ ಮಾಡುವ ಸುಖ ಏಣಿಯಲ್ಲಿ ಇಲ್ಲ. ಬಲ್ಬು ಬದಲಿಸಲು ಬೋರಲು ಮಲಗಿದರೆ ನಡೆಯುತ್ತದೆ. ಬುಡ ತೆಗೆದು ಸೀಲ್ ಮಾಡಲು ಖಂಡಿತ ನಡೆಯುವುದಿಲ್ಲ.

ಹಿಂದಿನ ಮಾಲೀಕ ದೀಪದ ಸುತ್ತ ಸಿಲಿಕೋನ್ ಮೆತ್ತಿದ್ದ, ದೋಸೆಗೆ ಬೆಣ್ಣೆ ಮೆತ್ತಿದ ಹಾಗೆ. ಸಿಲಿಕೋನ್ ಉಳಿದ ಜಾಗಕ್ಕೆ ಬೇರೇನೂ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ. ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು ಸ್ಪಿರಿಟ್ಟಿನಿಂದ ಒರೆಸಲು ಮೊದಲ ದೀಪಕ್ಕೇ ಒಂದು ಗಂಟೆ ಹಿಡಿಯಿತು. ಒಳಗಿನ ವೈರು ಬೆರಳುದ್ದ ಮಾತ್ರ ಹೊರಗೆ ಬರುತ್ತದೆ. ಕೈಬಿಟ್ಟರೆ ಗೋಡೆಯೊಳಗೆ ಮಾಯ. ಕತ್ತರಿಸುವ ಮೊದಲೇ ಬಟ್ಟೆ ಕ್ಲಿಪ್ ಹಾಕಿದೆ. ಕೊಳೆತ ಮರಕ್ಕೆ ಗಟ್ಟಿ ಮಾಡುವ ಎಪಾಕ್ಸಿ ಕುಡಿಸಿ ಒಂದು ದಿನ ಒಣಗಲು ಬಿಟ್ಟೆ. ಎರಡನೇ ಸಲ ಹತ್ತಿದ್ದು ಮರುದಿನ. ವೈರಿಗೆ ಒತ್ತಿ ಕೂಡಿಸುವ ಕ್ರಿಂಪ್ ಹಾಕಿ, ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಶ್ರಿಂಕ್ ಟ್ಯೂಬ್. ಹೊಸ ದೀಪಕ್ಕೆ ಎರಡು ವೈರು, ಕಪ್ಪು ವೈರಿಗೆ ಅರ್ತಿಂಗ್ ಬೇರೆಯೇ ಕೊಡಬೇಕು: ತಗಡನ್ನು ಹೊಳೆಯುವಷ್ಟು ಉಜ್ಜಿ, ವೈರಿನ ತುದಿಯ ಬಳೆಯಂಥ ರಿಂಗ್ ಟರ್ಮಿನಲ್ಲಿಗೆ ಸ್ಟೇನ್‌ಲೆಸ್ ಸ್ಕ್ರೂ.

ಬುಡದ ಹಿಂದೆ ಬ್ಯುಟೈಲ್ ಟೇಪ್. ಹಲಸಿನ ಹಣ್ಣು ಬಿಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅದೇ ಮೇಣ, ಅದೇ ಹಟ. ಸ್ಕ್ರೂ ಬಿಗಿದಂತೆ ಸುತ್ತಲೂ ಉಬ್ಬಿ ಹೊರಬರಬೇಕು, ಹಾಗೆ ಬಂದರೆ ಸಂದಿ ಇಲ್ಲ ಅಂತ ಅರ್ಥ. ಒಮ್ಮೆಗೇ ಪೂರ್ತಿ ಬಿಗಿಯದೆ ಬಿಸಿಲಿಗೆ ಮೆತ್ತಗಾಗಲು ಬಿಟ್ಟು, ಸಂಜೆ ಇನ್ನೊಂದು ಸುತ್ತು ಕೊಟ್ಟು, ಉಬ್ಬಿದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕೊಯ್ದೆ. ಮೇಲೆ ಮತ್ತು ಎರಡು ಪಕ್ಕಕ್ಕೆ ಕೆಳಗೆ ಹರಿದು ಇಳಿಯದ ಜಾತಿಯ ಸೀಲೆಂಟ್, ಕೆಳಗಿನ ಅಂಚಿಗೆ ಮಾತ್ರ ಬೇಡ. ಒಂದು ವೇಳೆ ನೀರು ಹೊಕ್ಕರೆ ಹೊರಗೆ ಬರಲು ದಾರಿ ಬೇಕು.

ಮೊದಲ ದೀಪಕ್ಕೆ ಎರಡು ಗಂಟೆ, ಒಂಬತ್ತನೆಯದಕ್ಕೆ ಇಪ್ಪತ್ತು ನಿಮಿಷ. ಅಂಟು ಪಟ್ಟಿಯ ಮೇಲೆ ಹಚ್ಚುವ, ಸ್ಕ್ರೂ ಇಲ್ಲದ ದೀಪವನ್ನೂ ಹಿಂದೊಮ್ಮೆ ಒಂದು ಕಡೆ ನೋಡಿದ್ದೆ. ಎರಡನೇ ಬೇಸಿಗೆಗೆ ವೈರಿನಲ್ಲಿ ನೇತಾಡುತ್ತಿತ್ತು. ಅಷ್ಟೇ ಅದರ ಕಥೆ.

ಮುಂದಿನ ಸಾಲಿನಲ್ಲಿ ಕೆಲಸ ಮುಗಿಯುವ ಮುಂಚೆ ಬೇಕೆಂದೇ ಮಿಶ್ರ ಇಟ್ಟಿದ್ದೆ: ಎಡಕ್ಕೆ ಹಳೆಯ ಬಲ್ಬು, ನಡುವೆ ಎಲ್‌ಇಡಿ ಬಲ್ಬು, ಬಲಕ್ಕೆ ಸೀಲ್ ಮಾಡಿದ್ದು. ರಾತ್ರಿ ರಸ್ತೆಯಾಚೆ ನಿಂತು ನೋಡಿದರೆ ಮದುವೆ ಮನೆಯ ಸೀರಿಯಲ್ ಸೆಟ್ಟೇ. ಬಣ್ಣಕ್ಕೆ ಎಡದ್ದು. ನೂರು ಹೆಜ್ಜೆ ದೂರದಿಂದ ಚುಕ್ಕಿ ಹರಿತವಾಗಿ ಕಂಡದ್ದು ಬಲದ್ದು. ನಡುವಿನದು ನೇರ ನಿಂತರೆ ಜೋರು, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮಂಕು.

ಗಾಡಿಯನ್ನು ಇದೇ ವರ್ಷ ಮಾರುವವರು, ಬುಡದ ಸೀಲ್ ಗಟ್ಟಿಯಿದೆ ಅಂತ ಬಿಚ್ಚಿ ನೋಡಿ ಖಾತ್ರಿ ಮಾಡಿಕೊಂಡವರು ಸಾಕೆಟ್ ಉಜ್ಜಿ, ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ 194 ಹಾಕಿಕೊಂಡು ಆರಾಮಾಗಿರಬಹುದು. ಹಳೆಯ ಬುಡಕ್ಕೆ ಎಲ್‌ಇಡಿ ಬಲ್ಬು ಹಾಕುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಅರ್ಧ ಖರ್ಚು, ಪೂರ್ತಿ ತಲೆನೋವು. ಸೀಲ್ ಮಾಡಿದ್ದಕ್ಕೆ ದೀಪ, ಟೇಪು, ಸ್ಕ್ರೂ ಎಲ್ಲ ಸೇರಿ ನೂರ ಮೂವತ್ತು ಡಾಲರ್ ಆಯಿತು, ಸಾರ್ವೆಯ ಬಾಡಿಗೆ ಬೇರೆ. ಅದಾದ ಮೇಲೆ ಎರಡು ಮಳೆಗಾಲ ಕಳೆದಿದೆ, ಏಣಿ ಗ್ಯಾರೇಜಿನ ಗೋಡೆಗೇ ಇದೆ, ಅಟ್ಟದ ಮೂಲೆ ಒಣಗಿದೆ.

ಹಿಂಬದಿಯ ಬಲ ಮೂಲೆಯದೊಂದು ಮಾತ್ರ ಇನ್ನೂ ಹಳೆಯದೇ. ಸ್ಕ್ರೂ ತಲೆ ಸವೆದು ಬಟ್ಟಲಾಗಿದೆ, ಕೊರೆದೇ ತೆಗೆಯಬೇಕು. ಉರಿಯುತ್ತಿದೆ, ಹಣತೆಯ ಹಾಗೆ. ಅಕ್ಟೋಬರಿನ ಒಂದು ಶನಿವಾರ ಅದಕ್ಕೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.